ಮೂರು ಕಲಮಿನ ಕಾಗದ, 46 ವರ್ಷದ ಮಾತುಕತೆ

(ಗಡಿನಾಡಿನ ಯುವಜನರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ಗಡಿಯ ಹುಡುಗ ಹುಡುಗಿಯರ ಜೊತೆ ಕೂತಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ. "ಆ ಕಡೆ ನಮ್ಮ ಭಾಷೆಯ ಸರ್ಕಾರ ಇದೆಯಲ್ಲ, ಅದು ನಮ್ಮ ಪರವಾಗಿ ಯಾಕೆ ಗಟ್ಟಿಯಾಗಿ ಮಾತಾಡಲ್ಲ?" ಈ ಪ್ರಶ್ನೆಯನ್ನ ಇವತ್ತು ಸ್ವಲ್ಪ ದೂರ ತಗೊಂಡು ಹೋಗಿ ನೋಡೋಣ. ಒಂದು ದೇಶದ ಸರ್ಕಾರ, ಇನ್ನೊಂದು ದೇಶದ ನೆಲದಲ್ಲಿರೋ ಜನರ ಹಕ್ಕಿನ ಬಗ್ಗೆ ಮಾತಾಡೋದು ಹೇಗೆ? ಯಾವ ಮಾತಿಗೆ ಫಲ ಸಿಗುತ್ತೆ, ಯಾವುದು ಬರೀ ಕೂಗಾಗಿ ಉಳಿಯುತ್ತೆ? ಇದಕ್ಕೆ ನಾನು ಆರಿಸಿಕೊಂಡಿರೋದು ಇಟಲಿ ಮತ್ತು ಆಸ್ಟ್ರಿಯಾ ಗಡಿಯಲ್ಲಿರೋ ದಕ್ಷಿಣ ಟಿರೋಲ್ ಅನ್ನೋ ಬೆಟ್ಟದ ಸೀಮೆಯ ಕಥೆ. ಅದು ಭಾಷೆಯ ಕಥೆಯೇ. ಕೇಳ್ತಾ ಹೋದಂತೆ ಹಲವು ಕಡೆ "ಇದು ನಮ್ಮೂರದ್ದೇ ಅಲ್ವಾ" ಅಂತ ನಿಮಗೆ ಅನ್ನಿಸಬಹುದು.

ಮೊದಲು ಪದ್ಧತಿ ತಿಳ್ಕೊಳ್ಳೋಣ. ಒಂದು ಸರ್ಕಾರಕ್ಕೆ ಇನ್ನೊಂದು ಸರ್ಕಾರದ ಮೇಲೆ ಮಾನವ ಹಕ್ಕಿನ ತಕರಾರು ಇದ್ರೆ ಸೀದಾ ಮೈಕ್ ಹಿಡಿಯಲ್ಲ. ಮೊದಲು ಬಾಗಿಲು ಮುಚ್ಚಿಕೊಂಡು ಮಾತು. ರಾಯಭಾರಿ ಹೋಗಿ ಅಲ್ಲಿನ ವಿದೇಶಾಂಗ ಇಲಾಖೆಯವರನ್ನ ಕಂಡು "ಇಂಥ ವಿಚಾರ ನಮಗೆ ಚಿಂತೆ ತಂದಿದೆ" ಅಂತಾರೆ. ಹೊರಗೆ ಯಾರಿಗೂ ಗೊತ್ತಾಗಲ್ಲ. ಎದುರಿನವರಿಗೆ ಮರ್ಯಾದೆ ಉಳಿಸಿಕೊಂಡು ತಿದ್ದಿಕೊಳ್ಳೋಕೆ ಅವಕಾಶ ಇರುತ್ತೆ. ಅದಕ್ಕೆ ಬಗ್ಗದಿದ್ರೆ ಲಿಖಿತ ಟಿಪ್ಪಣಿ. ಆಮೇಲೆ ಆ ದೇಶದ ರಾಯಭಾರಿಯನ್ನ ಕರೆಸಿ ಆಕ್ಷೇಪ ಹೇಳೋದು, ಬಹಿರಂಗ ಹೇಳಿಕೆ ಕೊಡೋದು. ಆಮೇಲೆ ವಿಶ್ವಸಂಸ್ಥೆ. ಈಗ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ 2008ರಿಂದ ಪ್ರತಿ ದೇಶವೂ ಸರದಿಯಂತೆ ಪರೀಕ್ಷೆಗೆ ನಿಲ್ಲುತ್ತೆ. ಬೇರೆ ದೇಶಗಳು ಪ್ರಶ್ನೆ ಕೇಳ್ತವೆ, ಶಿಫಾರಸು ಕೊಡ್ತವೆ. ಯಾವುದನ್ನ ಒಪ್ಪಿದ್ದೀವಿ ಅಂತ ಆ ದೇಶ ದಾಖಲೆಯಲ್ಲಿ ಹೇಳ್ಬೇಕು. ಇದೆಲ್ಲಾ ದಾಟಿದ ಮೇಲೆ ವ್ಯಾಪಾರ ನಿಲ್ಲಿಸೋದು, ನಿರ್ಬಂಧ ಹಾಕೋದು. ಮೆಟ್ಟಿಲು ಏರಿದಷ್ಟೂ ಸದ್ದು ಜಾಸ್ತಿ. ಸದ್ದಿನಷ್ಟೇ ಫಲವೂ ಜಾಸ್ತಿ ಅನ್ನೋ ಹಾಗಿಲ್ಲ.

ಯಾವ ಮೆಟ್ಟಿಲಲ್ಲೇ ಇರಲಿ, ಎದುರಿನವರ ಮೊದಲ ಉತ್ತರ ಒಂದೇ: "ಇದು ನಮ್ಮ ಆಂತರಿಕ ವಿಷಯ. ನೀವ್ಯಾರು ಕೇಳೋಕೆ?" ಈ ಉತ್ತರಕ್ಕೆ ಆಧಾರವೂ ಇದೆ. ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 7ನೇ ಕಲಮು ಒಂದು ದೇಶದ ಒಳಗಿನ ವಿಷಯದಲ್ಲಿ ಕೈಹಾಕಬಾರದು ಅನ್ನುತ್ತೆ.

ಈ ಗೋಡೆಗೆ ಮೊದಲು ಬಿರುಕು ತಂದವರಲ್ಲಿ ನಮ್ಮ ದೇಶವೂ ಒಂದು. 1946ರಲ್ಲಿ, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸ ಮಾಡಬಹುದು ಅಂತ ಗೆರೆ ಎಳೆಯೋ ಕಾನೂನನ್ನ ಅಲ್ಲಿನ ಸರ್ಕಾರ ತಂತು. ಭಾರತ ಆ ದೂರನ್ನ ವಿಶ್ವಸಂಸ್ಥೆಯ ಮೊದಲ ಮಹಾಸಭೆಗೇ ಒಯ್ದಿತು. ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್ ಹೇಳಿದ್ದು ಅದೇ ಮಾತು, "ಆಂತರಿಕ ವಿಷಯ". ಭಾರತದ ಕೈಯಲ್ಲಿ ಒಂದು ಕಾಗದ ಇತ್ತು. ಭಾರತೀಯರ ವಿಚಾರವಾಗಿ ಎರಡೂ ಸರ್ಕಾರಗಳು 1927ರಲ್ಲಿ ಕೇಪ್‌ಟೌನ್‌ನಲ್ಲಿ ಮಾಡಿಕೊಂಡಿದ್ದ ಒಪ್ಪಂದ. ನೀವೇ ನಮ್ಮ ಜೊತೆ ಕೂತು ಒಪ್ಪಂದ ಮಾಡಿಕೊಂಡ ಮೇಲೆ ಅದು ನಿಮ್ಮೊಬ್ಬರ ಮನೆಯ ವಿಷಯ ಹೇಗಾಗುತ್ತೆ? 1946ರ ಡಿಸೆಂಬರ್ 8ರಂದು ಮಹಾಸಭೆ ಮೂರನೇ ಎರಡು ಬಹುಮತದಿಂದ ಭಾರತದ ಪರ ನಿರ್ಣಯ ಮಾಡಿತು. ಅದರಿಂದ ದಕ್ಷಿಣ ಆಫ್ರಿಕಾ ಕೂಡಲೇ ಬದಲಾಗಲಿಲ್ಲ. ವರ್ಣಭೇದದ ಆಳ್ವಿಕೆ ಮುಗಿಯೋಕೆ 1994 ಬರಬೇಕಾಯ್ತು. ಆದರೆ ಒಂದು ದಾರಿ ತೆರೀತು. ಮುಂದೆ ಅದೇ ಮಹಾಸಭೆಗೆ ಆಸ್ಟ್ರಿಯಾನೂ ಒಂದು ಕಾಗದ ಹಿಡ್ಕೊಂಡು ಬಂತು.

ಈಗ ಆ ಬೆಟ್ಟದ ಸೀಮೆಗೆ ಹೋಗೋಣ. ಆಲ್ಪ್ಸ್ ಪರ್ವತದಲ್ಲಿ ಬ್ರೆನ್ನರ್ ಅನ್ನೋ ಘಟ್ಟ ಇದೆ. ಅದರ ದಕ್ಷಿಣದ ಕಣಿವೆಗಳಲ್ಲಿ ಶತಮಾನಗಳಿಂದ ಜರ್ಮನ್ ಮಾತಾಡೋ ರೈತರು ಇದ್ದಾರೆ, ಜೊತೆಗೆ ಲಾದಿನ್ ಅನ್ನೋ ಸಣ್ಣ ಭಾಷೆಯವರೂ ಇದ್ದಾರೆ. ಮೊದಲ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾದ ಭಾಗ. 1910ರ ಜನಗಣತಿಯಲ್ಲಿ ಅಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಜರ್ಮನ್ ಭಾಷಿಕರು. ಯುದ್ಧದಲ್ಲಿ ಆಸ್ಟ್ರಿಯಾ ಸೋತಿತು. 1919ರ ಒಪ್ಪಂದದಲ್ಲಿ ಗಡಿಯನ್ನ ಬ್ರೆನ್ನರ್‌ಗೆ ತಂದು ನಿಲ್ಲಿಸಿದ್ರು. ಜನ ಎಲ್ಲೂ ಹೋಗಲಿಲ್ಲ. ಗಡಿಯೇ ಅವರ ತಲೆ ಮೇಲಿಂದ ದಾಟಿಹೋಯ್ತು. ಇದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ.

1922ರಲ್ಲಿ ಮುಸೊಲಿನಿ ಬಂದ. ಶಾಲೆಗಳಲ್ಲಿ ಜರ್ಮನ್ ನಿಂತಿತು. ಜರ್ಮನ್ ಮೇಷ್ಟ್ರುಗಳ ಕೆಲಸ ಹೋಯ್ತು. ಊರ ಹೆಸರುಗಳನ್ನ ಪಟ್ಟಿ ಮಾಡಿ ಬದಲಾಯಿಸಿದ್ರು. ಸ್ಟೆರ್ಜಿಂಗ್ ಅನ್ನೋ ಊರು ವಿಪಿತೆನೊ ಆಯ್ತು. ಮನೆತನದ ಹೆಸರಿಗೂ ಕೈ ಹಾಕಿದ್ರು, ಗೋರಿಕಲ್ಲಿನ ಬರಹಕ್ಕೂ ಕೈ ಹಾಕಿದ್ರು. ಆಗ ಜನ ಏನು ಮಾಡಿದ್ರು? ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಅಟ್ಟದ ಮೇಲೆ ಕದ್ದು ಶಾಲೆ ನಡೆಸಿದ್ರು. ಪಾಠ ಹೇಳ್ತಿದ್ದವರಲ್ಲಿ ಬಹಳ ಮಂದಿ ಎಳೆಯ ಹೆಣ್ಣುಮಕ್ಕಳು. ಅಂಜೆಲಾ ನಿಕೊಲೆಟ್ಟಿ ಅನ್ನೋ ಶಿಕ್ಷಕಿ ಇದಕ್ಕಾಗಿ ಜೈಲು ಕಂಡರು. 1930ರಲ್ಲಿ, 25ನೇ ವಯಸ್ಸಿಗೆ ಕ್ಷಯದಿಂದ ತೀರಿಹೋದರು.

ಇಲ್ಲಿ ಒಂದು ಮಾತು ಗಮನ ಇಟ್ಟು ಕೇಳಿ. ಆ ಹೊತ್ತಿಗೆ "ಎಲ್ಲೇ ಇರಲಿ, ಜರ್ಮನರು ನಮ್ಮವರು" ಅಂತ ಯುರೋಪಿಗೆಲ್ಲಾ ಕೇಳೋ ಹಾಗೆ ಕೂಗು ಹಾಕ್ತಿದ್ದ ಒಬ್ಬ ಇದ್ದ, ಹಿಟ್ಲರ್. 1938ರಲ್ಲಿ ಚೆಕೊಸ್ಲೊವಾಕಿಯಾದ ಜರ್ಮನ್ ಭಾಷಿಕರ ನೆಪ ಹೇಳಿ ಆ ದೇಶದ ಒಂದು ಭಾಗವನ್ನೇ ನುಂಗಿದ. ಅವನಿಗೆ ಮುಸೊಲಿನಿಯ ಸ್ನೇಹ ಬೇಕಿತ್ತು. ಹಾಗಾಗಿ ದಕ್ಷಿಣ ಟಿರೋಲ್‌ನವರನ್ನ ಬಿಟ್ಟುಕೊಟ್ಟ. 1939ರಲ್ಲಿ ಇಬ್ಬರೂ ಸೇರಿ ಆ ಜನಕ್ಕೆ ಒಂದು ಆಯ್ಕೆ ಇಟ್ಟರು: ಭಾಷೆ ಬೇಕಾದ್ರೆ ಊರು ಬಿಟ್ಟು ಜರ್ಮನಿಗೆ ಹೋಗಿ, ಊರು ಬೇಕಾದ್ರೆ ಭಾಷೆ ಬಿಟ್ಟು ಇಲ್ಲೇ ಇರಿ. ಬಹುಪಾಲು ಮಂದಿ ಹೋಗ್ತೀವಿ ಅಂತ ಬರೆದುಕೊಟ್ಟರು. ನಿಜವಾಗಿ ಹೋದವರು ಸುಮಾರು 75,000. ಮನೆಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಆದರು. ಜೋರಾಗಿ ಕೂಗೋ ಸರ್ಕಾರ ನಮ್ಮ ನೆಂಟ ಅಂತ ನಂಬಿದ್ರೆ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಕಹಿ ಪಾಠ ಬೇಕಿಲ್ಲ.

ಯುದ್ಧ ಮುಗೀತು. ಆಸ್ಟ್ರಿಯಾ ಆ ಸೀಮೆಯನ್ನ ವಾಪಸ್ ಕೇಳಿತು. ಗೆದ್ದ ದೇಶಗಳು ಗಡಿ ಬದಲಾಯಿಸಲ್ಲ ಅಂದ್ರು. ಆಸ್ಟ್ರಿಯಾದಲ್ಲೇ ಆಗ ನಾಲ್ಕು ದೇಶಗಳ ಸೈನ್ಯ ಬೀಡುಬಿಟ್ಟಿತ್ತು, ಹಠ ಹಿಡಿಯೋ ಶಕ್ತಿ ಇರಲಿಲ್ಲ. ನೆಲ ಸಿಗಲ್ಲ ಅಂತ ಖಚಿತವಾದಾಗ ವಿದೇಶಾಂಗ ಮಂತ್ರಿ ಕಾರ್ಲ್ ಗ್ರೂಬರ್ ಒಂದು ಕಾಗದ ಕೇಳಿದರು. 1946ರ ಸೆಪ್ಟೆಂಬರ್ 5ರಂದು ಪ್ಯಾರಿಸ್‌ನಲ್ಲಿ ಗ್ರೂಬರ್ ಮತ್ತು ಇಟಲಿಯ ಪ್ರಧಾನಿ ಅಲ್ಚಿದೆ ದೆ ಗಾಸ್ಪೆರಿ ಸಹಿ ಹಾಕಿದರು. ಮೂರೇ ಕಲಮು. ಪ್ರಾಥಮಿಕ, ಪ್ರೌಢ ಶಿಕ್ಷಣ ತಾಯ್ನುಡಿಯಲ್ಲಿ. ಕಚೇರಿಗಳಲ್ಲಿ ಎರಡೂ ಭಾಷೆಗೆ ಸಮಾನ ಸ್ಥಾನ. ಊರ ಹೆಸರು ಎರಡೂ ಭಾಷೆಯಲ್ಲಿ. ಬದಲಾಯಿಸಿದ ಮನೆತನದ ಹೆಸರನ್ನ ವಾಪಸ್ ಪಡೆಯೋ ಹಕ್ಕು. ಸರ್ಕಾರಿ ಕೆಲಸದಲ್ಲಿ ನ್ಯಾಯವಾದ ಪಾಲು. ಸ್ವಯಮಾಡಳಿತ. ಆ ಕಾಗದವನ್ನ ಇಟಲಿಯ ಜೊತೆಗಿನ 1947ರ ಶಾಂತಿ ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಿದರು.

"ನೆಲ ಬಿಟ್ಟು ಕಾಗದ ತಂದೆಯಾ" ಅಂತ ಗ್ರೂಬರ್ ಅವರನ್ನ ಅವರ ನಾಡಿನವರೇ ಬಹಳ ಬೈದರು. ಬೈಯೋಕೆ ಕಾರಣವೂ ಇತ್ತು. ಸ್ವಯಮಾಡಳಿತ ಯಾವ ಎಲ್ಲೆಯೊಳಗೆ ಅಂತ ಕಾಗದ ಸ್ಪಷ್ಟವಾಗಿ ಹೇಳಿರಲಿಲ್ಲ, ಸ್ಥಳೀಯ ಪ್ರತಿನಿಧಿಗಳ ಜೊತೆ ಸಮಾಲೋಚಿಸಿ ಅದರ ಚೌಕಟ್ಟು ರೂಪಿಸ್ತೀವಿ ಅಂತಷ್ಟೇ ಇತ್ತು. ಇಟಲಿ ಆ ಸಂದಿಯಲ್ಲೇ ನುಗ್ಗಿತು. 1948ರಲ್ಲಿ ದಕ್ಷಿಣ ಟಿರೋಲನ್ನ ಪಕ್ಕದ ಇಟಾಲಿಯನ್ ಭಾಷೆಯ ತ್ರೆಂತೊ ಜಿಲ್ಲೆಯ ಜೊತೆ ಸೇರಿಸಿ ಒಂದೇ ಪ್ರಾಂತ್ಯ ಮಾಡಿ, ಅಧಿಕಾರವನ್ನೆಲ್ಲ ಆ ಪ್ರಾಂತ್ಯಕ್ಕೆ ಕೊಟ್ಟಿತು. ಅಲ್ಲಿ ಇಟಾಲಿಯನ್ ಭಾಷಿಕರೇ ಬಹುಮತ. ಸ್ವಯಮಾಡಳಿತ ಹೆಸರಿಗೆ ಬಂತು, ಬೀಗದ ಕೈ ಬೇರೆಯವರ ಹತ್ತಿರ ಉಳೀತು.

ಹತ್ತು ವರ್ಷ ಜನ ನೋಡಿದ್ರು. 1957ರಲ್ಲಿ ಬೋಲ್ಜಾನೊ ನಗರದಲ್ಲಿ 5,000 ಸರ್ಕಾರಿ ಮನೆ ಕಟ್ಟೋ ಯೋಜನೆ ಬಂತು. ಹೊರಗಿನಿಂದ ಜನ ತಂದು ತುಂಬ್ತಾರೆ, ನಮ್ಮೂರಲ್ಲೇ ನಾವು ಅಲ್ಪಸಂಖ್ಯಾತರಾಗ್ತೀವಿ ಅನ್ನೋ ಭಯ ಹುಟ್ಟಿತು. ಆ ನವೆಂಬರ್ 17ರಂದು ಸಿಗ್ಮುಂಡ್ಸ್‌ಕ್ರೋನ್ ಅನ್ನೋ ಹಾಳುಕೋಟೆಯಲ್ಲಿ ಸುಮಾರು 35,000 ಮಂದಿ ಸೇರಿದರು. ಮಾತಾಡಿದವರು ಸಿಲ್ವಿಯುಸ್ ಮಾಗ್ನಾಗೊ, ಯುದ್ಧದಲ್ಲಿ ಒಂದು ಕಾಲು ಕಳಕೊಂಡು ಊರುಗೋಲಲ್ಲಿ ನಡೀತಿದ್ದ ನಾಯಕರು. ಜನರ ರಕ್ತ ಕುದೀತಿತ್ತು. ಅವತ್ತು ಅವರು ಜನರನ್ನ ಗಲಾಟೆಗೆ ಕಳಿಸಲಿಲ್ಲ. ಬೇಡಿಕೆಯನ್ನ ಒಂದೇ ಸಾಲಿಗೆ ಇಳಿಸಿದರು: ತ್ರೆಂತೊದಿಂದ ನಮ್ಮನ್ನ ಬಿಡಿಸಿ, ನಮ್ಮ ಜಿಲ್ಲೆಗೇ ಅಧಿಕಾರ ಕೊಡಿ. ಇಟಲಿಯಿಂದ ಬಿಡಿಸಿ ಅನ್ನಲಿಲ್ಲ.

ಆಸ್ಟ್ರಿಯಾ 1955ರಲ್ಲಿ ಪೂರ್ತಿ ಸ್ವತಂತ್ರವಾಗಿ ವಿಶ್ವಸಂಸ್ಥೆಗೂ ಸೇರಿತ್ತು. ಮೊದಲು ಇಟಲಿಗೆ ಲಿಖಿತ ಟಿಪ್ಪಣಿ ಕೊಟ್ಟಿತು, ಮಾತುಕತೆ ನಡೆಸಿತು. ಅದು ಮುಂದೆ ಸಾಗದಿದ್ದಾಗ 1960ರಲ್ಲಿ ವಿದೇಶಾಂಗ ಮಂತ್ರಿ ಬ್ರೂನೊ ಕ್ರೈಸ್ಕಿ ವಿಷಯವನ್ನ ಮಹಾಸಭೆಗೆ ತಂದರು. ಒಪ್ಪಂದ ಪಾಲಿಸಿ ಆಗಿದೆ, ತಕರಾರಿದ್ದರೆ ಅದು ಕಾನೂನಿನ ಪ್ರಶ್ನೆ, ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಅಂತು ಇಟಲಿ. ನಮಗೆ ಬೇಕಿರೋದು ನಿಜವಾದ ಸ್ವಯಮಾಡಳಿತ ಅಂತು ಆಸ್ಟ್ರಿಯಾ.

ಅಕ್ಟೋಬರ್ 31ರಂದು ಬಂದ 1497ನೇ ನಿರ್ಣಯದಲ್ಲಿ ಯಾರೂ ಗೆಲ್ಲಲಿಲ್ಲ. ಆಸ್ಟ್ರಿಯಾ "ಇಟಲಿಯಲ್ಲಿರೋ ಆಸ್ಟ್ರಿಯನ್ ಅಲ್ಪಸಂಖ್ಯಾತರು" ಅಂತ ವಿಷಯಕ್ಕೆ ಹೆಸರಿಟ್ಟಿತ್ತು. ಅದು ಬದಲಾಗಿ "ಬೋಲ್ಜಾನೊ ಜಿಲ್ಲೆಯ ಜರ್ಮನ್ ಭಾಷಿಕರ ಸ್ಥಿತಿಗತಿ, ಪ್ಯಾರಿಸ್ ಒಪ್ಪಂದದ ಜಾರಿ" ಅನ್ನೋ ಅರ್ಥ ಬರೋ ಹಾಗಾಯ್ತು. ನೀವಿಬ್ಬರೂ ಕೂತು ಈ ಒಪ್ಪಂದದ ತಕರಾರುಗಳನ್ನ ಬಗೆಹರಿಸಿಕೊಳ್ಳಿ, ಆಗದಿದ್ದರೆ ನ್ಯಾಯಾಲಯವೋ ಬೇರೆ ಶಾಂತಿಯ ದಾರಿಯೋ ಹುಡುಕಿಕೊಳ್ಳಿ ಅಂತಷ್ಟೇ ಸಭೆ ಹೇಳಿತು. ಮೇಲ್ನೋಟಕ್ಕೆ ಸಪ್ಪೆ. ಆದರೆ ಇದರೊಳಗೆ ಒಂದು ದೊಡ್ಡ ಗೆಲುವಿದೆ. ಅವತ್ತಿನಿಂದ ಇಟಲಿ "ಇದು ನಮ್ಮ ಆಂತರಿಕ ವಿಷಯ" ಅಂತ ಕೈ ತೊಳ್ಕೊಳ್ಳೋ ಹಾಗಿರಲಿಲ್ಲ. ಗ್ರೂಬರ್ ತಂದ ಆ ಬಡಕಲು ಕಾಗದ ಇಲ್ಲದೇ ಹೋಗಿದ್ರೆ ಈ ಬಾಗಿಲು ತೆರೀತಾನೇ ಇರಲಿಲ್ಲ.

ಎಲ್ಲರಿಗೂ ಇಷ್ಟು ತಾಳ್ಮೆ ಇರಲಿಲ್ಲ. 1961ರ ಜೂನ್ 11ರ ರಾತ್ರಿ ಒಂದು ಗುಂಪು 37 ವಿದ್ಯುತ್ ಕಂಬಗಳನ್ನ ಸ್ಫೋಟಿಸಿತು. ಜೀವಹಾನಿ ಮಾಡಲ್ಲ ಅನ್ನೋದು ಅವರ ಲೆಕ್ಕ. ಮಾರನೇ ದಿನ ಸಿಡಿಯದೆ ಉಳಿದಿದ್ದ ಬಾಂಬಿಗೆ ಒಬ್ಬ ರಸ್ತೆ ಕಾರ್ಮಿಕ ಬಲಿಯಾದ. ಬಂಧನಗಳಾದವು. ಠಾಣೆಗಳಲ್ಲಿ ಹಿಂಸೆ ಕೊಟ್ಟ ದೂರುಗಳು ಬಂದವು, ಬಂಧನದಲ್ಲಿದ್ದ ಇಬ್ಬರು ಸತ್ತರು. ಮುಂದಿನ ವರ್ಷಗಳಲ್ಲಿ ಸೈನಿಕರು, ಪೊಲೀಸರೂ ಸತ್ತರು. 1967ರಲ್ಲಿ ಗಡಿಯ ಒಂದು ಸ್ಫೋಟದ ಬೆನ್ನಿಗೇ, ಯುರೋಪಿನ ಮಾರುಕಟ್ಟೆ ಒಕ್ಕೂಟದ ಜೊತೆ ಆಸ್ಟ್ರಿಯಾ ನಡೆಸ್ತಿದ್ದ ಮಾತುಕತೆಗೆ ಇಟಲಿ ಅಡ್ಡಗಾಲು ಹಾಕಿತು. ಬಾಂಬಿನಿಂದಲೇ ಇಟಲಿ ಬಗ್ಗಿತು ಅನ್ನೋರು ಇವತ್ತಿಗೂ ಇದ್ದಾರೆ. ಆದರೆ ಮುಂದೆ ಇಟಲಿ ಕೊಟ್ಟ ಹಕ್ಕುಗಳ ಪಟ್ಟಿ ನೋಡಿ. ಅದು ಹುಟ್ಟಿದ್ದು ಮೇಜಿನ ಮುಂದೆ. 1961ರಲ್ಲೇ ಇಟಲಿ 19 ಜನರ ಆಯೋಗ ಮಾಡಿತು, ಅದರಲ್ಲಿ 7 ಮಂದಿ ಜರ್ಮನ್ ಭಾಷಿಕರು, ಒಬ್ಬರು ಲಾದಿನ್. ಆ ಆಯೋಗ ಮೂರು ವರ್ಷ ಕೂತು ಒಂದೊಂದೇ ಬೇಡಿಕೆಯನ್ನ ಬಿಡಿಸಿ ನೋಡಿತು.

ಕೊನೆಗೆ 1969ರಲ್ಲಿ 137 ಕ್ರಮಗಳ ಒಂದು ಕಟ್ಟು ಸಿದ್ಧವಾಯ್ತು. ಅದನ್ನ "ಪ್ಯಾಕೇಜ್" ಅಂದರು. ಮಾಗ್ನಾಗೊ ಅದನ್ನ ತಮ್ಮ ಪಕ್ಷದ ಮುಂದೆ ಇಟ್ಟಾಗ ರಾತ್ರಿಯಿಡೀ ಜಗಳ. ಒಪ್ಪಿದವರು ನೂರಕ್ಕೆ ಸುಮಾರು 53 ಮಾತ್ರ. ಅಷ್ಟು ಸಣ್ಣ ಅಂತರ.

ಇಲ್ಲಿ ರಾಜತಂತ್ರದ ಜಾಣತನ ನೋಡಿ. ಇಟಲಿಗೆ "ನಾವು ಹೊರಗಿನವರ ಒತ್ತಾಯಕ್ಕೆ ಮಾಡ್ತಿದ್ದೀವಿ" ಅಂತ ಹೇಳೋಕೆ ಇಷ್ಟ ಇಲ್ಲ. ಆಸ್ಟ್ರಿಯಾಗೆ ಬರೀ ಮಾತಿನ ಮೇಲೆ ನಂಬಿಕೆ ಇಲ್ಲ. ಹಾಗಾಗಿ ಒಂದು ವೇಳಾಪಟ್ಟಿ ಮಾಡಿದರು. ಇಂಥ ಕಾನೂನು ಇಟಲಿ ಮೊದಲು ಮಾಡ್ಬೇಕು, ಆಮೇಲೆ ಆಸ್ಟ್ರಿಯಾ ಇಂಥ ಹೆಜ್ಜೆ ಇಡ್ಬೇಕು, ಹೀಗೆ ಒಂದರ ಹಿಂದೊಂದು. ಎಲ್ಲಾ ಮುಗಿದ ಮೇಲೇ "ವಿವಾದ ಬಗೆಹರೀತು" ಅಂತ ಆಸ್ಟ್ರಿಯಾ ಘೋಷಿಸಬೇಕು. ನಮ್ಮ ಮಾತಲ್ಲಿ ಹೇಳೋದಾದ್ರೆ, ಕೆಲಸ ಪೂರ್ತಿ ಆದ ಮೇಲೇ ರಸೀದಿ. ಹೊಸ ಸ್ವಯಮಾಡಳಿತ ಶಾಸನ 1972ರಲ್ಲಿ ಜಾರಿಗೆ ಬಂತು. ಆಸ್ಟ್ರಿಯಾ ರಸೀದಿ ಕೊಟ್ಟಿದ್ದು 1992ರ ಜೂನ್‌ನಲ್ಲಿ. ಇಪ್ಪತ್ತು ವರ್ಷ ಒಂದೊಂದೇ ಕ್ರಮಕ್ಕೆ ಟಿಕ್ ಹಾಕ್ತಾ ಕೂತಿತ್ತು. 1946ರಿಂದ ಲೆಕ್ಕ ಹಾಕಿದ್ರೆ 46 ವರ್ಷ.

ಇವತ್ತು ಅಲ್ಲಿ ಜರ್ಮನ್ ಶಾಲೆಗಳಿವೆ. ನ್ಯಾಯಾಲಯದಲ್ಲಿ, ಕಚೇರಿಯಲ್ಲಿ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು. ಸರ್ಕಾರಿ ಕೆಲಸಕ್ಕೆ ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು, ಹುದ್ದೆಗಳು ಭಾಷಾ ಗುಂಪುಗಳ ಜನಸಂಖ್ಯೆಯ ಪಾಲಿನಂತೆ ಹಂಚಿಕೆ. 2011ರ ಗಣತಿಯಲ್ಲಿ ನೂರಕ್ಕೆ ಸುಮಾರು 69 ಮಂದಿ ತಾವು ಜರ್ಮನ್ ಭಾಷಿಕರು ಅಂತ ಬರೆಸಿದ್ದಾರೆ. ಎಲ್ಲಾ ಸುಖಾಂತ್ಯ ಅಂತಲ್ಲ. ಊರ ಹೆಸರಿನ ಜಗಳ ಇನ್ನೂ ಇದೆ. ಮಕ್ಕಳು ಭಾಷೆವಾರು ಬೇರೆ ಬೇರೆ ಶಾಲೆಗೆ ಹೋಗ್ತಾರೆ ಅನ್ನೋ ಕೊರಗಿದೆ. ಅಪ್ಪ ಒಂದು ಭಾಷೆ, ಅಮ್ಮ ಒಂದು ಭಾಷೆ ಇರೋ ಮಕ್ಕಳು ಯಾವ ಗುಂಪು ಅಂತ ಬರೆಸಬೇಕು ಅನ್ನೋ ಕಷ್ಟವಿದೆ.

2008ರಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ಅಲ್ಪಸಂಖ್ಯಾತರ ಹೈಕಮಿಷನರ್ ಇಂಥ ವಿಚಾರಗಳಿಗೆಲ್ಲ ಕೆಲವು ಶಿಫಾರಸು ಕೊಟ್ಟರು. ಅವಕ್ಕೆ ಇಟ್ಟ ಹೆಸರೇ ಬೋಲ್ಜಾನೊ ಶಿಫಾರಸುಗಳು. ಅದರ ಸಾರ ಇಷ್ಟು: ಗಡಿಯಾಚೆಯ ನಂಟಿನ ಜನರ ಬಗ್ಗೆ ಒಂದು ದೇಶಕ್ಕೆ ಕಾಳಜಿ ಇರಬಹುದು, ಆದರೆ ಅವರ ಹಕ್ಕನ್ನ ಕಾಪಾಡೋ ಮೊದಲ ಹೊಣೆ ಅವರು ಬದುಕ್ತಿರೋ ದೇಶದ್ದೇ. ಕಾಳಜಿ ಹೆಸರಲ್ಲಿ ನೆರೆಯವರ ಮೇಲೆ ಸವಾರಿ ಮಾಡಬಾರದು.

ಈಗ ಮೊದಲ ಪ್ರಶ್ನೆಗೆ ಬರ್ತೀನಿ. ನಮ್ಮದು ಬೇರೆ ಸ್ಥಿತಿ. ನಾವು ಯಾರೂ ಪರದೇಶದಲ್ಲಿಲ್ಲ. ಕಾಸರಗೋಡು, ತಾಳವಾಡಿ, ಜತ್ತ, ಆದೋನಿ, ಎಲ್ಲವೂ ಒಂದೇ ಸಂವಿಧಾನದ ಅಡಿ. ಹಾಗಾಗಿ ನಮಗೆ ಪ್ಯಾರಿಸ್ ಒಪ್ಪಂದ ಬೇಕಿಲ್ಲ, ನಮ್ಮ ಕಾಗದ ನಮ್ಮ ಸಂವಿಧಾನದಲ್ಲೇ ಇದೆ. ರಾಜ್ಯಗಳ ಗೆರೆ ಎಳೆದ 1956ರಲ್ಲೇ ಸಂವಿಧಾನಕ್ಕೆ ಎರಡು ವಿಧಿ ಸೇರಿದವು. 350ಎ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಿಕೊಡೋಕೆ ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತೆ. 350ಬಿ, ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕು, ಅವರು ರಾಷ್ಟ್ರಪತಿಗೆ ವರದಿ ಕೊಡಬೇಕು ಅನ್ನುತ್ತೆ. "ಪ್ರಯತ್ನಿಸಬೇಕು" ಅನ್ನೋ ಪದ ಬಡಕಲು, ನಿಜ. ಗ್ರೂಬರ್ ಕಾಗದವೂ ಬಡಕಲೇ ಆಗಿತ್ತು.

ದಕ್ಷಿಣ ಟಿರೋಲ್‌ನವರಿಗೆ ಆಸ್ಟ್ರಿಯಾ ಬೆನ್ನಿಗಿತ್ತು, ಸುಳ್ಳಲ್ಲ. ಆದರೆ ಆಸ್ಟ್ರಿಯಾ ಏನು ಮಾತಾಡಬೇಕು ಅನ್ನೋದನ್ನ ಬರೆದುಕೊಟ್ಟವರು ಆ ಊರಿನವರೇ. ಯಾವ ಕಲಮು ಜಾರಿಯಾಗಿದೆ, ಯಾವ ಕಚೇರಿಯಲ್ಲಿ ನಮ್ಮ ಭಾಷೆಯವರು ಎಷ್ಟು ಮಂದಿ, ಯಾವ ಶಾಲೆಗೆ ಶಿಕ್ಷಕರಿಲ್ಲ, ಇದರ ಲೆಕ್ಕ ಅವರ ಹತ್ತಿರ ಇತ್ತು. ಬೆಂಗಳೂರಿನವರು ನಮ್ಮ ಪರ ಮಾತಾಡಲಿ, ಮಾತಾಡಲೇಬೇಕು. ಮಾತಾಡೋಕೆ ಅವರ ಕೈಗೆ ನಾವು ಏನು ಕೊಟ್ಟಿದ್ದೀವಿ? ನಿಮ್ಮ ತಾಲೂಕಿನ ಕನ್ನಡ ಶಾಲೆಗಳಲ್ಲಿ ಎಷ್ಟು ಹುದ್ದೆ ಖಾಲಿ, ಎಷ್ಟು ವರ್ಷದಿಂದ ಖಾಲಿ? ಕನ್ನಡ ಗೊತ್ತಿಲ್ಲದವರನ್ನ ಕನ್ನಡ ತರಗತಿಗೆ ಹಾಕಿದ ಆದೇಶದ ಪ್ರತಿ ಯಾರ ಹತ್ತಿರ ಇದೆ? ಮನವಿ ಕೊಟ್ಟಾಗ ಫೋಟೊ ತೆಗೆದು ಸ್ಟೇಟಸ್ ಹಾಕ್ತೀವಿ, ಸರಿ. ಕಚೇರಿಯ ಸೀಲು ಬಿದ್ದ ಸ್ವೀಕೃತಿ ಪ್ರತಿ ಇಟ್ಕೊಂಡಿದ್ದೀವಾ? ಉತ್ತರ ಬರದಿದ್ದಾಗ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೀವಾ?

ಇಲ್ಲಿ ಕೂತಿರೋರಲ್ಲಿ ಒಂದೊಂದು ತಾಲೂಕಿಂದ ಇಬ್ಬರು ಮುಂದೆ ಬನ್ನಿ. ಬರೋ ಜೂನ್‌ನಲ್ಲಿ ಶಾಲೆ ತೆರೆಯೋದರೊಳಗೆ ನಿಮ್ಮ ತಾಲೂಕಿನ ಪ್ರತಿ ಕನ್ನಡ ಶಾಲೆಯ ಒಂದು ಪುಟದ ಲೆಕ್ಕ ತಯಾರು ಮಾಡೋಣ: ಮಕ್ಕಳೆಷ್ಟು, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಕೊಟ್ಟ ಅರ್ಜಿ ಯಾವುದು, ತಾರೀಕು ಯಾವುದು. ಘೋಷಣೆ ಕೂಗೋ ದಿನ ಕೂಗೋಣ, ಬೇಡ ಅನ್ನಲ್ಲ. ಆ ದಿನ ಕೈಯಲ್ಲಿ ಈ ಕಾಗದವೂ ಇರಲಿ.